ಮೂರನೆಯ ದಿನದ ನೋವು

ಅಮ್ಮನ ಕೆಳದವಡೆಯ ಹಲ್ಲು ಕೀಳಿಸಿದ್ದು ಸೋಮವಾರ. ಮಂಗಳವಾರ ಗಂಜಿ ಕುಡಿದು, ನೋವು ಕಡಿಮೆಯಾಯಿತು ಅಂದಳು. ಬುಧವಾರ ರಾತ್ರಿ ಎದ್ದು ನೋಡಿದರೆ ಕಿವಿ ಒತ್ತಿಹಿಡಿದು ಹಾಸಿಗೆಯ ಮೇಲೆ ಕೂತಿದ್ದಳು. "ಹಲ್ಲು ಕಿತ್ತ ಮೇಲೆ ನೋಯದೆ ಇರುತ್ತಾ?" ಎಂದು ಅವಳೇ ಸಮಾಧಾನ ಹೇಳಿದಳು. ನಾನೂ ಒಪ್ಪಿದೆ. ಶುಕ್ರವಾರದವರೆಗೆ ಅವಳಿಗೆ ಲವಂಗ ಕಚ್ಚಿಸುತ್ತಾ ಕಾದೆ. ಆ ಎರಡು ರಾತ್ರಿಗಳಿಗೆ ನಾನೇ ಹೊಣೆ.

ಹಲ್ಲು ಹೋದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಗಾಯಕ್ಕೆ ಅದೇ ಮುಚ್ಚಳ. ಅದು ಕಳಚಿದರೆ ಒಳಗಿನ ಎಲುಬು ಬರಿದಾಗಿ ಗಾಳಿ, ನೀರು, ಅನ್ನದ ಅಗುಳು ಎಲ್ಲ ನೇರವಾಗಿ ತಾಗುತ್ತವೆ. ದಂತವೈದ್ಯರು ಇದನ್ನು ಡ್ರೈ ಸಾಕೆಟ್ ಅನ್ನುತ್ತಾರೆ. ನೋವು ಕಿವಿಯವರೆಗೆ ಸೆಳೆಯುತ್ತದೆ, ಬಾಯಿ ನಾರುತ್ತದೆ, ಮಾತ್ರೆಗೆ ಜಗ್ಗುವುದಿಲ್ಲ. ಬೀಡಿ ಸಿಗರೇಟು ಸೇದುವವರಿಗೆ ಇದರ ಅಪಾಯ ಹೆಚ್ಚು. ಅಮ್ಮ ಸೇದುವವಳಲ್ಲ. ಆದರೆ ರಕ್ತ ನುಂಗಬಾರದೆಂದು ಮೊದಲ ದಿನವಿಡೀ ಉಗುಳುತ್ತಲೇ ಇದ್ದಳು, ಸಂಜೆಯಿಂದಲೇ ಬಾಯಿ ಮುಕ್ಕಳಿಸಿದಳು. ಉಪ್ಪುನೀರು ಒಳ್ಳೆಯದೇ, ಆದರೆ ಒಂದು ದಿನ ಕಳೆದ ಮೇಲೆ, ಅದೂ ಮೆಲ್ಲಗೆ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಕೈಗೆ ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಹೆಸರು ಮಾತ್ರ, ಅದೂ ಇಂಗ್ಲಿಷಿನಲ್ಲಿ.

ಶುಕ್ರವಾರ ವೈದ್ಯರು ಗುಳಿ ತೊಳೆದು ಔಷಧಿಯ ಬತ್ತಿ ಇಟ್ಟರು. ಅಮ್ಮ ಆಟೋದಲ್ಲಿ ಬರುವಾಗಲೇ ನನ್ನ ಭುಜಕ್ಕೊರಗಿ ನಿದ್ದೆಹೋದಳು.

ದಿನ ಕಳೆದಂತೆ ಇಳಿಯಬೇಕಾದ ನೋವು ಏರಿದರೆ ಕಾಯಬೇಡಿ. ಊತವೂ ಹಾಗೆಯೇ: ಎರಡು ಮೂರು ದಿನ ಇರುವುದು ಸಹಜ, ಆಮೇಲೂ ಹೆಚ್ಚಿದರೆ, ಜ್ವರ ಬಂದರೆ, ಕೀವು ಒಸರಿದರೆ ಸೋಂಕು ತಗುಲಿರಬಹುದು. ಹತ್ತಿಯುಂಡೆ ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಹಿಡಿದರೂ ರಕ್ತ ಸುರಿಯುತ್ತಲೇ ಇದ್ದರೆ, ಮರುದಿನವೂ ತುಟಿ ಜೋಮು ಬಿಡದಿದ್ದರೆ, ಮೇಲಿನ ಹಲ್ಲು ಕಿತ್ತವರಿಗೆ ಕುಡಿದ ನೀರು ಮೂಗಿನಲ್ಲಿ ಬಂದರೆ ವೈದ್ಯರಿಗೆ ಹೇಳಲೇಬೇಕು. ಗದ್ದದ ಕೆಳಗೆ ಗಟ್ಟಿಯಾಗಿ ಊದಿ, ನಾಲಿಗೆ ಮೇಲಕ್ಕೆದ್ದು, ಎಂಜಲು ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗುವುದನ್ನು ಕಾಯಕೂಡದು. ಆ ಕ್ಷಣವೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿ. ಲುಡ್ವಿಗ್ ಎಂಬ ಜರ್ಮನ್ ವೈದ್ಯ 1836ರಲ್ಲೇ ವಿವರಿಸಿದ ಈ ಸೋಂಕು ಉಸಿರುದಾರಿಯನ್ನೇ ಮುಚ್ಚಿಬಿಡಬಲ್ಲದು.

ದಂತವೈದ್ಯರಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಒಂದು ಹಾಳೆ ಕೊಡಿ, ರಾತ್ರಿಯೂ ಎತ್ತುವ ಫೋನ್ ನಂಬರ್ ಅದರಲ್ಲಿರಲಿ. ಮೂರನೆಯ ದಿನ ನೀವೇ ಒಂದು ಕರೆ ಮಾಡಿ. ನಮ್ಮಮ್ಮನಂಥವರು ತಾವಾಗಿ ಮಾಡುವುದಿಲ್ಲ. ವೈದ್ಯರಿಗೆ ಯಾಕೆ ತೊಂದರೆ ಅನ್ನುತ್ತಾರೆ.