ಆಟದ ಮನೆಯ ಎರಡು ತಕ್ಕಡಿ

ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನ. ಶ್ರಾವಕನಾದವನು ಅದನ್ನು ತ್ಯಜಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಸಿದ್ಧಾಂತವನ್ನೇ ಮುಂದೊಡ್ಡಿ, ‘ಜೂಜೇ ಪಾಪವಾದ ಮೇಲೆ ಅದರೊಳಗಿನ ನ್ಯಾಯಾನ್ಯಾಯಗಳ ವಿಚಾರ ನಮಗೇಕೆ?’ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಈ ವಾದವು ಧರ್ಮನಿಷ್ಠೆಯಂತೆ ತೋರಿದರೂ ವಾಸ್ತವವಾಗಿ ವಂಚಕನಿಗೆ ಒದಗುವ ಆಶ್ರಯವಾಗಿದೆ.

ಪೋಕರ್ ಎಂಬ ಇಸ್ಪೀಟಿನ ಆಟವನ್ನೇ ನೋಡಬಹುದು. ಕೌಶಲದ ಆಟವಾಗಿ ಆಡುವುದಾದರೆ ಇದಕ್ಕೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಹೇಳಿತು. ಅಂತರ್ಜಾಲದಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಅದರ ವ್ಯಾಪ್ತಿ ಕ್ಲಬ್ಬಿನ ಮೇಜಿನವರೆಗೆ ಬರುವುದಿಲ್ಲ. ಆ ಮೇಜಿನ ನ್ಯಾಯವು ಕ್ಲಬ್ಬಿನವರ ಕೈಯಲ್ಲೇ ಉಳಿದಿದೆ.

ಪಣ ಕಟ್ಟುವುದು ಮುಗಿದು, ಉಳಿದ ಆಟಗಾರರು ಎಲೆಗಳನ್ನು ತೆರೆದು ತೋರಿಸುವ ಘಟ್ಟವೇ ಈ ಆಟದ ನಿರ್ಣಾಯಕ ಕ್ಷಣ. ಕೊನೆಯ ಸುತ್ತಿನಲ್ಲಿ ಕಡೆಯದಾಗಿ ಪಣ ಏರಿಸಿದವನು ಮೊದಲು ತೋರಿಸಬೇಕು. ಬಾಯಿಮಾತಲ್ಲ, ಮೇಜಿನ ಮೇಲೆ ತೆರೆದಿಟ್ಟ ಎಲೆಗಳೇ ಪ್ರಮಾಣ. ಇವು ಬಹುಮಟ್ಟಿಗೆ ಒಪ್ಪಿತವಾದ ಪದ್ಧತಿಗಳು. ಆದರೆ ಪದ್ಧತಿಯು ಬರಹಕ್ಕಿಳಿಯದ ಕಡೆ ನಡೆಯುವುದೇ ಬೇರೆ. ಒಬ್ಬನು ತನ್ನಲ್ಲಿಲ್ಲದ ಎಲೆಗಳನ್ನು ಇದೆಯೆಂದು ಸಾರುತ್ತಾನೆ. ನಂಬಿದ ಎದುರಾಳಿಯು ತನ್ನ ಎಲೆಗಳನ್ನು ಎಸೆದುಬಿಡುತ್ತಾನೆ. ಎಸೆದ ಎಲೆಗೆ ಬೆಲೆಯಿಲ್ಲ. ಹಣವೆಲ್ಲ ಸುಳ್ಳಾಡಿದವನ ಪಾಲು. ಹಳೆಯ ಸದಸ್ಯನು ಹೀಗೆ ಮಾಡಿದರೆ ‘ಬಾಯಿ ತಪ್ಪಿತು’ ಎಂದು ನಗುವ ಮೇಲ್ವಿಚಾರಕನು, ಹೊಸಬನು ಮಾಡಿದರೆ ಮೋಸವೆನ್ನುತ್ತಾನೆ. ಪಣ ಕಟ್ಟುವಾಗ ಮನಸ್ಸನ್ನು ಮರೆಮಾಚುವುದಕ್ಕೆ ಎಲ್ಲರೂ ಒಪ್ಪಿಯೇ ಕುಳಿತಿರುತ್ತಾರೆ. ಪಣ ಮುಗಿದ ಮೇಲಿನ ಸುಳ್ಳಿಗೆ ಯಾರ ಒಪ್ಪಿಗೆಯೂ ಇಲ್ಲ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು, ಎಂದರೆ ಕೊಳ್ಳುವುದಕ್ಕೊಂದು ಕೊಡುವುದಕ್ಕೊಂದು ಅಳತೆ ಇಡುವುದನ್ನು, ಎಣಿಸಿದೆ. ಮಾವಿನಕುರ್ವೆಯಿಂದ ಕುಮಟೆಯವರೆಗಿನ ಕರಾವಳಿಯ ವ್ಯಾಪಾರಕ್ಕೆ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ. ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಜರು ಮೆಣಸಿನ ರಾಣಿಯೆಂದು ಕರೆದ 16ನೆಯ ಶತಮಾನದಲ್ಲಾಗಲಿ, ಇಂದಿನ ಅಡಿಕೆ ವಖಾರಿಯಲ್ಲಾಗಲಿ, ಗಿರಾಕಿಯ ಮುಖ ನೋಡಿ ತೂಕದ ಕಲ್ಲು ಬದಲಿಸುವವನಿಗೆ ಇರುವ ಹೆಸರು ಕಳ್ಳನೆಂಬುದೊಂದೇ. ಮುಖ ನೋಡಿ ನಿಯಮ ಬದಲಿಸುವವನಿಗೆ ಬೇರೆ ಹೆಸರೇಕೆ?

ನಿಯಮ ಬರೆದರೆ ಜೂಜಿಗೆ ಗೌರವ ಬರುವುದೆಂಬ ಆಕ್ಷೇಪವು ನಿಲ್ಲದು. ನಿಯಮವು ವ್ಯಸನವನ್ನು ಪುಣ್ಯವಾಗಿಸದು; ದ್ಯೂತದ ದೋಷಕ್ಕೆ ಅಸತ್ಯ, ಚೌರ್ಯಗಳ ದೋಷವೂ ಕೂಡದಂತೆ ತಡೆಯುತ್ತದೆ. ‘ಮೋಸದಿಂದ ಸೋತೆ, ಮತ್ತೊಮ್ಮೆ ಕುಳಿತರೆ ಗೆಲ್ಲುವೆ’ ಎಂಬ ಭ್ರಮೆಯೇ ಸೋತವನನ್ನು ಮರಳಿ ಮೇಜಿಗೆ ಎಳೆಯುವುದು. ನಿಯಮ ಸ್ಪಷ್ಟವಿದ್ದಲ್ಲಿ ಆ ನೆಪಕ್ಕೆ ಆಸ್ಪದವಿಲ್ಲ; ಸೋಲು ಸೋಲಾಗಿಯೇ ಕಾಣುತ್ತದೆ.

ಅಮೆರಿಕದಲ್ಲಿ ಪೋಕರ್ ಪಂದ್ಯಗಳ ನಿರ್ದೇಶಕರು 2001ರಲ್ಲಿ ಸಂಘ ಕಟ್ಟಿ ಸಮಾನ ನಿಯಮಾವಳಿಯನ್ನು ರೂಪಿಸಿದರು. ಲಾಭಕ್ಕಾಗಿ ಆಟ ನಡೆಸುವವರಿಗೆ ಸಾಧ್ಯವಾದದ್ದು ಧರ್ಮದ ಹೆಸರು ಹೇಳುವವರಿಗೆ ಅಸಾಧ್ಯವೇ? ಕ್ಲಬ್ಬುಗಳ ಆಡಳಿತ ಮಂಡಳಿಯಲ್ಲಿರುವ ಶ್ರಾವಕರು ‘ನಾವು ಎಲೆ ಮುಟ್ಟುವುದಿಲ್ಲ’ ಎಂದು ಸಮಾಧಾನಪಡುವಂತಿಲ್ಲ. ಕೃತದಷ್ಟೇ ಕಾರಿತ, ಅನುಮೋದನಗಳೂ ಬಂಧಕ್ಕೆ ಕಾರಣ. ಮೇಜನ್ನೇ ತೆಗೆಸುವುದು ಉತ್ತಮ. ಅದು ಕೈಲಾಗದಿದ್ದರೆ, ಎಲ್ಲರಿಗೂ ಒಂದೇ ಆದ ನಿಯಮವನ್ನು ಕನ್ನಡದಲ್ಲಿ ಬರೆಸಿ ಗೋಡೆಗೆ ಹಾಕಿಸಲಿ. ಆಡುವವನೇ ತೀರ್ಪುಗಾರನಾಗದಂತೆ ನೋಡಿಕೊಳ್ಳಲಿ. ಅಷ್ಟೂ ಆಗದೆಂದರೆ ಆ ಕುರ್ಚಿಯನ್ನು ಬಿಟ್ಟೇಳುವುದೇ ವ್ರತಕ್ಕೆ ಕ್ಷೇಮ.