ಚೆಂಡು ಒಂದೇ, ಅಳತೆಗೋಲು ಹತ್ತು!



2022ರ ಡಿಸೆಂಬರ್. ಕತಾರ್‌ನಲ್ಲಿ ವಿಶ್ವಕಪ್ ನಡೆಯುತ್ತಿತ್ತು. ನಮ್ಮ ಬಡಾವಣೆಯ ಹುಡುಗರು ತಮ್ಮ ಪಂದ್ಯಾವಳಿಯ ಪೋಸ್ಟರ್ ಅಚ್ಚು ಹಾಕಿಸಲು ನನ್ನ ಪ್ರೆಸ್ಸಿಗೆ ಬಂದರು. ಜತೆಗೆ ರಜೆಗೆಂದು ಊರಿಗೆ ಬಂದಿದ್ದ ಇಬ್ಬರು ನೆಂಟರ ಹುಡುಗರು. ಒಬ್ಬ ಅಮೆರಿಕದಲ್ಲಿ ಬೆಳೆದವನು, ಇನ್ನೊಬ್ಬ ಲಂಡನ್ನಿನವನು. ಅಮೆರಿಕದವನು ‘ಸಾಕರ್ ಟೂರ್ನಮೆಂಟ್ ಅಂತ ಹಾಕಿ ಅಂಕಲ್’ ಎಂದದ್ದೇ ತಡ, ಲಂಡನ್ನಿನವನು ಕೆರಳಿದ.

‘ಆಟದ ಹೆಸರು ಹೇಳೋಕೂ ಬರದ ದೇಶ ನಿಮ್ಮದು! ಇಡೀ ಪ್ರಪಂಚ ಆಡೋದು ಫುಟ್‌ಬಾಲ್!’

‘ನಮ್ಮಲ್ಲಿ ಅದನ್ನ ಯಾರು ನೋಡ್ತಾರೆ? ತೊಂಬತ್ತು ನಿಮಿಷ ಓಡಾಡಿ ಕೊನೆಗೆ ಸೊನ್ನೆ-ಸೊನ್ನೆ!’

‘ನಿಮ್ಮ ಬೇಸ್‌ಬಾಲ್‌ಗೆ ವರ್ಲ್ಡ್ ಸೀರೀಸ್ ಅಂತೀರಲ್ಲ, ಅದರಲ್ಲಿ ಎಷ್ಟು ದೇಶ ಇದೆ?’

ನಡುವೆ ನಮ್ಮ ಬೀದಿಯ ಹುಡುಗನೊಬ್ಬ, ‘ಕ್ರಿಕೆಟ್ ಮುಂದೆ ಎಲ್ಲಾ ಬಚ್ಚಾಗಳೇ ಬಿಡ್ರೋ’ ಎಂದ. ಅರ್ಧ ಗಂಟೆ ಪ್ರೆಸ್ಸಿನ ಕೆಲಸ ನಿಂತಿತು.

ಇದು ಬರೀ ಹುಡುಗಾಟವಲ್ಲ. ದೇಶ ದೇಶಗಳ ಅಭಿಮಾನಿಗಳು ವರ್ಷಗಟ್ಟಲೆ ಆಡುತ್ತಿರುವ ಜಗಳ ಇದು. ಫುಟ್‌ಬಾಲ್ ಲೋಕದ ಆಟವೋ ಅಲ್ಲವೋ? ಅದನ್ನು ತೀರ್ಮಾನಿಸುವವರು ಯಾರು? ಪ್ರತಿಯೊಬ್ಬನೂ ತನ್ನ ಮನೆಯ ಅಳತೆಗೋಲು ತಂದು ಪ್ರಪಂಚವನ್ನು ಅಳೆಯುತ್ತಾನೆ. ಎಡವಟ್ಟಾಗುವುದೇ ಅಲ್ಲಿ.

ಮೊದಲು ಹೆಸರಿನ ಕಥೆ ಕೇಳಿ. ‘ಸಾಕರ್’ ಎಂಬ ಪದ ಹುಟ್ಟಿದ್ದು ಅಮೆರಿಕದಲ್ಲಲ್ಲ, ಸಾಕ್ಷಾತ್ ಇಂಗ್ಲೆಂಡಿನಲ್ಲಿ! 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿ ನಿಯಮ ಬರೆಯಿತು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವವರ ಆಟ ರಗ್ಬಿ ಫುಟ್‌ಬಾಲ್ ಎಂದು ಬೇರೆಯಾಯಿತು. 1880ರ ದಶಕದಲ್ಲಿ ಅಲ್ಲಿನ ವಿದ್ಯಾರ್ಥಿಗಳು ರಗ್ಬಿಯನ್ನು ‘ರಗ್ಗರ್’ ಎಂದರು, ‘ಅಸೋಸಿಯೇಷನ್’ ಪದದ ತುಂಡು ಕಿತ್ತು ಬಾಲ ಅಂಟಿಸಿ ‘ಸಾಕರ್’ ಎಂದರು. ಮಿಷಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟೀಫನ್ ಶಿಮಾನ್‌ಸ್ಕಿ ಹಳೆಯ ಪತ್ರಿಕೆಗಳನ್ನು ಜಾಲಾಡಿ 2014ರಲ್ಲಿ ತೋರಿಸಿದ್ದೂ ಇದನ್ನೇ. ಸುಮಾರು 1980ರವರೆಗೆ ಬ್ರಿಟನ್ನಿನವರು ಎರಡೂ ಪದ ಬಳಸುತ್ತಿದ್ದರು. ‘ಸಾಕರ್’ ಅಮೆರಿಕದವರ ಬಾಯಲ್ಲಿ ಹೆಚ್ಚಾದ ಮೇಲೆ ಇವರಿಗೆ ಅದು ಬೇಡವಾಯಿತು. ತಾನೇ ಹೆತ್ತ ಕೂಸನ್ನು ಪಕ್ಕದ ಮನೆಯವರು ಎತ್ತಿಕೊಂಡರೆಂದು ‘ನನ್ನದಲ್ಲ’ ಎಂದಂತಾಯಿತು! ಇನ್ನು ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಬೇರೆಯೇ ಆಟ. ಐರ್ಲೆಂಡ್, ಆಸ್ಟ್ರೇಲಿಯಾಗಳಿಗೂ ಅವರವರದೇ ಫುಟ್‌ಬಾಲ್ ಇದೆ. ಗುರುತಿಗೆ ಒಂದು ಬೇರೆ ಹೆಸರು ಬೇಕು, ಅಷ್ಟೇ. ಇದರಲ್ಲಿ ದಡ್ಡತನ ಏನು ಬಂತು?

ಈಗ ಲೆಕ್ಕಕ್ಕೆ ಬನ್ನಿ. ನಾನು ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮಷೀನಿನ ಮುಂದೆ ನಿಂತವನು. ಸಂಖ್ಯೆಗಳು ಹೇಗೆ ಊದಿಕೊಳ್ಳುತ್ತವೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಐನೂರು ಪ್ರತಿ ಅಚ್ಚು ಹಾಕಿಸಿ, ಜಾಹೀರಾತುದಾರರ ಮುಂದೆ ಐದು ಸಾವಿರ ಎನ್ನುವವರನ್ನು ನೋಡಿದ್ದೇನೆ. ಹಾಗಾಗಿ ಯಾರಾದರೂ ‘ಇಷ್ಟು ಕೋಟಿ ಜನ ನೋಡಿದರು’ ಎಂದರೆ ಹೇಗೆ ಎಣಿಸಿದಿರಿ ಎಂದು ಕೇಳುತ್ತೇನೆ. 2010ರ ವಿಶ್ವಕಪ್ ಫೈನಲನ್ನು ಕನಿಷ್ಠ ಒಂದು ನಿಮಿಷವಾದರೂ ನೋಡಿದವರು 90 ಕೋಟಿಗೂ ಹೆಚ್ಚು ಎಂದು ಫಿಫಾ ಲೆಕ್ಕ ಕೊಟ್ಟಿತು. ಅದೇ ಪಂದ್ಯಕ್ಕೆ ಸರಾಸರಿ ನೋಡುಗರ ಲೆಕ್ಕ ಹಿಡಿದರೆ ಸುಮಾರು 53 ಕೋಟಿ. ಎರಡೂ ಸುಳ್ಳಲ್ಲ, ಅಳತೆಗೋಲು ಬೇರೆ! ಅಮೆರಿಕದವರು ಎದೆ ತಟ್ಟಿಕೊಳ್ಳುವ ಸೂಪರ್ ಬೌಲ್‌ಗೆ 2024ರಲ್ಲಿ ಅವರ ದೇಶದಲ್ಲಿ ಸಿಕ್ಕ ಸರಾಸರಿ ನೋಡುಗರು ಸುಮಾರು 12 ಕೋಟಿ. ಒಂದೇ ದೇಶಕ್ಕೆ ಅದು ದೊಡ್ಡದೇ, ಲೋಕದ ಲೆಕ್ಕಕ್ಕೆ ಚಿಕ್ಕದು. ನಮ್ಮ ಕ್ರಿಕೆಟ್ ಪ್ರೇಮಿಗಳೂ ಸ್ವಲ್ಪ ತಡೆಯಲಿ. ಕೋಟಿಗಳ ಲೆಕ್ಕದಲ್ಲಿ ನಾವು ಗೆಲ್ಲುವುದು ನಮ್ಮ ಜನಸಂಖ್ಯೆಯಿಂದ. ಟೆಸ್ಟ್ ಆಡುವ ದೇಶಗಳು 12. ಫಿಫಾದಲ್ಲಿರುವ ಸದಸ್ಯರು 211, ವಿಶ್ವಸಂಸ್ಥೆಯ 193ಕ್ಕಿಂತಲೂ ಹೆಚ್ಚು.

ಹಾಗಾದರೆ ಲಂಡನ್ನಿನ ಹುಡುಗನೇ ಗೆದ್ದನೇ? ನಿಲ್ಲಿ. ‘ಆಟ ನಮ್ಮದು, ನಮಗೆ ಯಾರ ಸರ್ಟಿಫಿಕೇಟೂ ಬೇಡ’ ಎಂಬ ಗತ್ತಿನಲ್ಲಿ ಇಂಗ್ಲೆಂಡ್ 1930, 34, 38ರ ವಿಶ್ವಕಪ್‌ಗಳಿಗೆ ಹೋಗಲೇ ಇಲ್ಲ. 1950ರಲ್ಲಿ ಮೊದಲ ಸಲ ಬ್ರೆಜಿಲ್‌ಗೆ ಹೋಯಿತು. ಅಲ್ಲಿ ಬೆಲೊ ಹೊರಿಜಾಂಟೆಯಲ್ಲಿ ಸೋತದ್ದು ಯಾರಿಗೆ? ಅಮೆರಿಕಕ್ಕೆ, 1-0! ಗೋಲು ಹೊಡೆದವನು ಹೈಟಿಯಿಂದ ಬಂದಿದ್ದ ಜೋ ಗೇಟ್ಜೆನ್ಸ್. ಹೆಣ್ಣುಮಕ್ಕಳ ಆಟ ನೋಡಿ. ಇಂಗ್ಲೆಂಡಿನ ಅಸೋಸಿಯೇಷನ್ 1921ರಲ್ಲಿ ತನ್ನ ಮೈದಾನಗಳಿಂದ ಅವರನ್ನು ಹೊರಗಿಟ್ಟು ಸುಮಾರು 50 ವರ್ಷ ಬಾಗಿಲು ಹಾಕಿತ್ತು. ‘ಏನೂ ಬರದ’ ಅಮೆರಿಕದ ಹೆಣ್ಣುಮಕ್ಕಳು 1991, 1999, 2015, 2019ರಲ್ಲಿ, ನಾಲ್ಕು ಬಾರಿ ವಿಶ್ವಕಪ್ ಗೆದ್ದರು. 1999ರ ಫೈನಲಿಗೆ ಕ್ಯಾಲಿಫೋರ್ನಿಯಾದ ಕ್ರೀಡಾಂಗಣದಲ್ಲಿ ಸೇರಿದ್ದವರು 90 ಸಾವಿರಕ್ಕೂ ಹೆಚ್ಚು. ‘ನಮ್ಮಲ್ಲಿ ಯಾರು ನೋಡ್ತಾರೆ’ ಎಂದ ಹುಡುಗನಿಗೆ ಅವನ ದೇಶದ ಕಥೆಯೇ ಗೊತ್ತಿರಲಿಲ್ಲ.

ನನಗೆ ಅನಿಸುವುದು ಇಷ್ಟು. ಈ ಆಟವನ್ನು ಲೋಕದ ಆಟ ಮಾಡಿದ್ದು ಇಂಗ್ಲೆಂಡಿನ ಅಪ್ಪಣೆಯಲ್ಲ. ಅಮೆರಿಕದ ಅಸಡ್ಡೆ ಅದನ್ನು ತಡೆಯಲೂ ಇಲ್ಲ. ಊರೂರಿನ ಜನ ಅದನ್ನು ತಮ್ಮದು ಎಂದರು, ತಮ್ಮ ಬಾಯಲ್ಲಿ ತಮಗೆ ಬೇಕಾದಂತೆ ಕರೆದರು. ಇಟಲಿಯವರು ‘ಕಾಲ್ಚೊ’ ಎಂದರು. ಜಪಾನಿನವರು ಸಾಕರ್ ಪದವನ್ನೇ ‘ಸಕ್ಕಾ’ ಮಾಡಿಕೊಂಡರು. ಬ್ರೆಜಿಲ್‌ನವರ ‘ಫುಚಿಬೋಲ್’ ಇಂಗ್ಲಿಷಿನಿಂದಲೇ ಬಂದ ಪದ. ಆದರೆ ಐದು ವಿಶ್ವಕಪ್ ಗೆದ್ದವರ ಮುಂದೆ ‘ಇದು ಸಾಲ ತಂದ ಆಟ’ ಎನ್ನುವ ಧೈರ್ಯ ಯಾರಿಗಿದೆ? ಉರುಗ್ವೆಯಲ್ಲಿ ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲ, ಅವರು 1930 ಮತ್ತು 1950ರಲ್ಲಿ ವಿಶ್ವಕಪ್ ಎತ್ತಿದರು.

ನಮ್ಮ ಕಥೆ ಏನು? 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿ ಫ್ರಾನ್ಸ್‌ಗೆ 2-1ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದದ್ದು ನಮ್ಮ ಕರ್ನಾಟಕ. ಎದೆ ಮುಟ್ಟಿಕೊಂಡು ಹೇಳಿ, ಆ ತಂಡದ ಒಬ್ಬ ಹುಡುಗನ ಹೆಸರಾದರೂ ನಿಮಗೆ ಗೊತ್ತೇ? ಮೆಸ್ಸಿ ದೊಡ್ಡವನೋ ರೊನಾಲ್ಡೊ ದೊಡ್ಡವನೋ ಎಂದು ರಾತ್ರಿಯೆಲ್ಲ ಕಿತ್ತಾಡುವ ನಾವು, ಮನೆಯ ದೀಪಕ್ಕೆ ಎಣ್ಣೆ ಹಾಕಿದ್ದೇವೆಯೇ?

ಪೋಸ್ಟರಿನ ವಿಷಯಕ್ಕೆ ಬರುತ್ತೇನೆ. ‘ಕಾಲ್ಚೆಂಡು ಅಂತ ಹಾಕೋಣ ಕಣ್ರಪ್ಪಾ’ ಎಂದೆ. ಬಡಾವಣೆಯ ಹುಡುಗರು ನಕ್ಕರು. ‘ಅಣ್ಣಾ, ನಾವು ಆಡೋವಾಗ ಫುಟ್‌ಬಾಲ್ ಅಂತಾನೇ ಅನ್ನೋದು. ಅದನ್ನೇ ಕನ್ನಡದಲ್ಲಿ ದಪ್ಪಗೆ ಹಾಕಿ’ ಎಂದರು. ಹಾಗೇ ಹಾಕಿದೆ. ಒಪ್ಪಿಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಬ್ರೆಜಿಲ್‌ನವರು ಮಾಡಿದ್ದೂ ಅದನ್ನೇ ಅಲ್ಲವೇ? ಮೈದಾನದಲ್ಲಿ ಬೆವರು ಸುರಿಸಿದವನ ಬಾಯಿಗೆ ಬಂದದ್ದು ಅವನದೇ ಪದ.

ಮುಂದಿನ ಸಲ ನಿಮ್ಮ ಕಟ್ಟೆಯ ಮೇಲೆ ಈ ಜಗಳ ಎದ್ದರೆ ಎರಡೇ ಪ್ರಶ್ನೆ ಕೇಳಿ. ನಿನ್ನ ಅಳತೆಗೋಲು ಯಾವುದಪ್ಪಾ? ನಿಮ್ಮೂರ ಮೈದಾನದಲ್ಲಿ ಇವತ್ತು ಸಂಜೆ ಯಾರು ಆಡುತ್ತಿದ್ದಾರೆ, ಹೋಗಿ ನೋಡಿದ್ದೀಯಾ?