ಅಗ್ಗದ ಗುಳಿಗೆ, ದೂರದ ಸ್ಕ್ಯಾನಿಂಗ್

ಗೌರಿಬಿದನೂರು ತಾಲ್ಲೂಕಿನ ಅಲೀಪುರದಂಥ ಊರುಗಳಲ್ಲಿ ಮಕ್ಕಳಾಗದ ದಂಪತಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಬೆಂಗಳೂರಿಗೆ ಹೋಗಿ. ಅಲ್ಲಿ ಐವಿಎಫ್ ಕೇಂದ್ರಗಳಿಗೆ ಬರವಿಲ್ಲ. ಸಾಲ ಮಾಡದೆ ಆ ಮೆಟ್ಟಿಲು ಹತ್ತಬಲ್ಲವರು ವಿರಳ.

ಆದರೆ ಅಂಡೋತ್ಪತ್ತಿಯ ತೊಂದರೆಯುಳ್ಳ ಅನೇಕ ಮಹಿಳೆಯರಿಗೆ ಐವಿಎಫ್ ಮೊದಲ ಚಿಕಿತ್ಸೆಯೇ ಅಲ್ಲ. ಥೈರಾಯ್ಡ್ ದೋಷವಿದ್ದರೆ ಅದನ್ನು ಸರಿಪಡಿಸಬೇಕು. ಪಿಸಿಒಎಸ್ ಇದ್ದವರಿಗೆ ಋತುಚಕ್ರದ ಆರಂಭದಲ್ಲಿ ಐದು ದಿನ ನುಂಗುವ ಲೆಟ್ರೊಜೋಲ್ ಗುಳಿಗೆಯೇ ಇಂದು ಮೊದಲ ಆಯ್ಕೆ. ಈ ಬಳಕೆಯನ್ನು ಕೇಂದ್ರ ಸರ್ಕಾರ 2011ರಲ್ಲಿ ನಿಷೇಧಿಸಿತ್ತು. ಅಮೆರಿಕದಲ್ಲಿ 750 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳೆಯ ಕ್ಲೋಮಿಫೀನ್ ಪಡೆದವರಲ್ಲಿ ಶೇ 19.1, ಲೆಟ್ರೊಜೋಲ್ ಪಡೆದವರಲ್ಲಿ ಶೇ 27.5ರಷ್ಟು ಮಂದಿ ತಾಯಂದಿರಾದರು. ನಮ್ಮ ನಿಷೇಧ ತೆರವಾದದ್ದು 2017ರಲ್ಲಿ. ಕಡತಗಳ ನಡಿಗೆ ಬಲ್ಲ ನನಗೂ ಇದು ನಿಧಾನವೆನಿಸಿತು.

ಗುಳಿಗೆ ಅಗ್ಗ, ದುಬಾರಿಯಾಗುವುದು ಅಂಡದ ಬೆಳವಣಿಗೆ ನೋಡುವ ಸ್ಕ್ಯಾನಿಂಗ್‌ಗಾಗಿ ಮತ್ತೆ ಮತ್ತೆ ಮಾಡುವ ಪ್ರಯಾಣ, ಕಳೆದುಕೊಳ್ಳುವ ಕೂಲಿ. ಅವಳಿ ಗರ್ಭದ ಸಾಧ್ಯತೆ ಇರುವುದರಿಂದ ನಿಗಾ ಇಲ್ಲದೆ ನುಂಗುವಂತೆಯೂ ಇಲ್ಲ. ಆಯುಷ್ಮಾನ್ ಭಾರತ್ ಯೋಜನೆಯು ಸಂತಾನಹೀನತೆಯ ಚಿಕಿತ್ಸೆಯನ್ನು ಹೊರಗಿಟ್ಟಿದೆ. ಹಾಗಿರುವಾಗ ಗೌರಿಬಿದನೂರಿನ ಸರ್ಕಾರಿ ಆಸ್ಪತ್ರೆಯಲ್ಲೇ ವಾರಕ್ಕೆ ಎರಡು ದಿನವಾದರೂ ಈ ಸ್ಕ್ಯಾನಿಂಗ್ ನಡೆಯಬೇಕು. ಜೊತೆಗೆ, ಹೆಂಡತಿಗೆ ಗುಳಿಗೆ ಬರೆಯುವ ಮೊದಲು ಗಂಡನ ವೀರ್ಯ ಪರೀಕ್ಷೆಯೂ ಕಡ್ಡಾಯವಾಗಬೇಕು.